ಸ್ಟ್ರೆಸ್, ಸಿಮ್ಯುಲೇಷನ್, ಕುಸಿತ: ಪದೇ ಪದೇ ಕೇಳುವ ಪ್ರಶ್ನೆಗಳು

ಸೇತುವೆ, ವಿಮಾನದ ರೆಕ್ಕೆ, ಕಾರ್ಖಾನೆಯ ಷೆಡ್ಡು, ಸಮುದ್ರದ ನಡುವಿನ ತೈಲ ವೇದಿಕೆ ಎಷ್ಟು ಭಾರ ತಾಳುತ್ತವೆ, ಎಲ್ಲಿ ಸೋಲುತ್ತವೆ ಎಂದು ಕಟ್ಟುವ ಮೊದಲೇ ಲೆಕ್ಕಹಾಕಲು ಇಂದು ಹೆಚ್ಚಾಗಿ ಬಳಸುವುದು ಫೈನೈಟ್ ಎಲಿಮೆಂಟ್ ಅನಾಲಿಸಿಸ್ ಅಥವಾ ಎಫ್‌ಇಎ. ಡಿಪ್ಲೊಮಾ ಮತ್ತು ಬಿ.ಇ. ವಿದ್ಯಾರ್ಥಿಗಳು, ಸೈಟ್ ಎಂಜಿನಿಯರುಗಳು, ಮನೆ ಕಟ್ಟಿಸುತ್ತಿರುವವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ತಿಳಿಯಬಯಸುವ ಎಲ್ಲರಿಗೂ

ಕಬ್ಬಿಣ ಯಾವಾಗ ಮುರಿಯುತ್ತೆ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗುತ್ತೆ?

ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ, ನಾವೇ ಹೇಳಿಕೊಡಬೇಕು. ನಡೆಯುವುದು ಇಷ್ಟು: ಒಂದು ವಸ್ತುವಿನ ಆಕಾರವನ್ನು ಸಾವಿರಾರು ಸಣ್ಣ ತುಂಡುಗಳಾಗಿ ಒಡೆಯುತ್ತೇವೆ. ಒಂದೊಂದು ತುಂಡೂ ಒಂದು ಎಲಿಮೆಂಟ್, ತುಂಡುಗಳು ಸೇರುವ ಬಿಂದು ನೋಡ್, ಎಲ್ಲ ಸೇರಿ ಮೆಶ್. ಒಂದು ಸಣ್ಣ ತುಂಡನ್ನು ಎಳೆದರೆ ಎಷ್ಟು ಹಿಗ್ಗುತ್ತದೆ ಎಂಬ ಲೆಕ್ಕ ಸುಲಭ. ಅಂಥ ಸಾವಿರಾರು ಸುಲಭ ಲೆಕ್ಕಗಳನ್ನು ಒಟ್ಟಿಗೆ ಜೋಡಿಸಿ, ಎಲ್ಲ ನೋಡ್‌ಗಳಲ್ಲೂ ಬಲಗಳು ಸರಿದೂಗುವಂತೆ ಕಂಪ್ಯೂಟರ್ ಒಮ್ಮೆಗೇ ಬಿಡಿಸುತ್ತದೆ. ಮೊದಲು ಸಿಗುವ ಉತ್ತರ ಪ್ರತಿ ನೋಡ್ ಎಷ್ಟು ಸರಿಯಿತು ಎಂಬುದು. ಅದರಿಂದ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಪಾಲು ಹಿಗ್ಗಿತು ಎಂಬುದು), ಅದರಿಂದ ಸ್ಟ್ರೆಸ್.

ಅಲ್ಲಿಗೆ ಕಂಪ್ಯೂಟರಿನ ಕೆಲಸ ಮುಗಿಯಿತು. ಆ ಸ್ಟ್ರೆಸ್ ಹೆಚ್ಚೋ ಕಡಿಮೆಯೋ ಎಂದು ಹೇಳಲು ಪ್ರಯೋಗಾಲಯದಲ್ಲಿ ಅದೇ ಉಕ್ಕನ್ನು ಎಳೆದು ಮುರಿದು ಪಡೆದ ಅಂಕಿ ಬೇಕು. ಆ ಅಂಕಿಯನ್ನು ಮಾಡೆಲ್ಲಿಗೆ ತಂದು ಹೋಲಿಸಬೇಕಾದವರು ನಾವು.

ಸ್ಟ್ರೆಸ್ ಅಂದ್ರೆ ಭಾರ ತಾನೇ?

ಅಲ್ಲ. ಭಾರವನ್ನು ಅದು ಹಾದುಹೋಗುವ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವುದು ಸ್ಟ್ರೆಸ್. 10 ಮಿಲಿಮೀಟರ್ ಚೌಕದ ಕಬ್ಬಿಣದ ಸರಳಿಗೆ ಒಂದು ಟನ್ ಭಾರ ತೂಗುಹಾಕಿದರೆ 100 ಚದರ ಮಿಲಿಮೀಟರಿನ ಮೇಲೆ ಸುಮಾರು 9,800 ನ್ಯೂಟನ್ ಬಲ ಬೀಳುತ್ತದೆ. ಅಂದರೆ ಸ್ಟ್ರೆಸ್ 98 ಮೆಗಾಪ್ಯಾಸ್ಕಲ್. ನಮ್ಮಲ್ಲಿ ಕಟ್ಟಡಗಳಿಗೆ ಹೆಚ್ಚು ಬಳಕೆಯಾಗುವ ಐಎಸ್ 2062 ಮಾನಕದ ಇ250 ಉಕ್ಕು 250 ಮೆಗಾಪ್ಯಾಸ್ಕಲ್ ಆಸುಪಾಸಿನಲ್ಲಿ ಯೀಲ್ಡ್ ಆಗುತ್ತದೆ, ಎಂದರೆ ಭಾರ ತೆಗೆದರೂ ಮೊದಲಿನ ಉದ್ದಕ್ಕೆ ಮರಳುವುದಿಲ್ಲ. ಹಾಗಾಗಿ ಆ ಸರಳು ಸುರಕ್ಷಿತ. ಅದೇ ಸರಳಿಗೆ ನಡುವೆ ಒಂದು ತೂತು ಕೊರೆದರೆ ಕಥೆ ಬದಲಾಗುತ್ತದೆ. ಅದು ಮುಂದೆ ಬರುತ್ತದೆ.

ಬಣ್ಣದ ಚಿತ್ರದಲ್ಲಿ ಕೆಂಪಾಗಿರೋ ಜಾಗದಲ್ಲೇ ಮುರಿಯುತ್ತಾ?

ಹಾಗೇನೂ ಇಲ್ಲ. ಆ ಮಾಡೆಲ್ಲಿನಲ್ಲಿ ಅತಿ ಹೆಚ್ಚು ಸ್ಟ್ರೆಸ್ ಇರುವ ಜಾಗಕ್ಕೆ ಸಾಫ್ಟ್‌ವೇರ್ ತಾನಾಗಿಯೇ ಕೆಂಪು ಬಳಿಯುತ್ತದೆ. ಆ ಹೆಚ್ಚಿನ ಸ್ಟ್ರೆಸ್ 5 ಮೆಗಾಪ್ಯಾಸ್ಕಲ್ ಇದ್ದರೂ ಕೆಂಪು, 500 ಇದ್ದರೂ ಕೆಂಪು. ಪಕ್ಕದ ಅಂಕಿಪಟ್ಟಿ ಓದದೆ ಚಿತ್ರ ನೋಡುವುದು ಅಪಾಯ. ಬಾಗಿದ ಆಕಾರವೂ ಹಾಗೆಯೇ: ಕಣ್ಣಿಗೆ ಕಾಣಲೆಂದು ನೂರಾರು ಪಟ್ಟು ಹಿಗ್ಗಿಸಿ ತೋರಿಸಿರುತ್ತಾರೆ.

ಇನ್ನೊಂದು ಎಚ್ಚರ. ಹೆಚ್ಚಿನ ಚಿತ್ರಗಳು ತೋರಿಸುವುದು ಫಾನ್ ಮಿಸೆಸ್ ಸ್ಟ್ರೆಸ್. 1913ರಲ್ಲಿ ರಿಚರ್ಡ್ ಫಾನ್ ಮಿಸೆಸ್ ಮಂಡಿಸಿದ ಈ ಅಳತೆ ಉಕ್ಕು, ಅಲ್ಯೂಮಿನಿಯಂನಂಥ ಬಗ್ಗುವ ಲೋಹಗಳಿಗೆ ಸರಿಹೊಂದುತ್ತದೆ, ಕಾಂಕ್ರೀಟಿಗಲ್ಲ. ಎಂ25 ಕಾಂಕ್ರೀಟು ಅದುಮಿದರೆ 25 ಮೆಗಾಪ್ಯಾಸ್ಕಲ್ ತಾಳುತ್ತದೆ. ಆದರೆ ಬಾಗಿದಾಗ ಎಳೆತದ ಬದಿಯಲ್ಲಿ ಸುಮಾರು 3.5ಕ್ಕೇ ಬಿರುಕುಬಿಡುತ್ತದೆ ಎಂದು ಕಾಂಕ್ರೀಟಿನ ಮಾನಕ ಐಎಸ್ 456ರ ಲೆಕ್ಕ. ಎಳೆತವನ್ನೂ ಅದುಮಿಕೆಯನ್ನೂ ಒಂದೇ ತೂಕದಲ್ಲಿ ನೋಡುವ ಫಾನ್ ಮಿಸೆಸ್ ಅಂಕಿ ಅಲ್ಲಿ ಏನನ್ನೂ ಹೇಳುವುದಿಲ್ಲ. ಕಾಂಕ್ರೀಟಿನ ಮೇಲೆ ಆ ಚಿತ್ರ ಹಾಕಿದ ವರದಿಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ನೋಡಿದಾಗೆಲ್ಲ ನೋವಾಗುತ್ತದೆ.

ಈ ವಿಧಾನ ಶುರುವಾಗಿದ್ದು ಯಾವಾಗ?

ಅಗತ್ಯ ಹುಟ್ಟಿದ್ದು ವಿಮಾನಗಳಿಂದ. ಉದ್ದನೆಯ ನೇರ ರೆಕ್ಕೆಯನ್ನು ಬೀಮ್ ಎಂದುಕೊಂಡು ಕೈಯಲ್ಲೇ ಲೆಕ್ಕ ಮಾಡಬಹುದಿತ್ತು. 1950ರ ದಶಕದಲ್ಲಿ ಡೆಲ್ಟಾ ಆಕಾರದ ರೆಕ್ಕೆ ಬಂದಾಗ ಆ ಲೆಕ್ಕ ಕೈಕೊಟ್ಟಿತು. ಬೋಯಿಂಗ್‌ನಲ್ಲಿ ಈ ಸಮಸ್ಯೆ ಹಿಡಿದ ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಎಂಬ ನಾಲ್ವರು 1956ರಲ್ಲಿ ಪ್ರಕಟಿಸಿದ ಪ್ರಬಂಧವೇ ಈ ಕ್ಷೇತ್ರದ ತಳಪಾಯ. ಗಣಿತಜ್ಞ ರಿಚರ್ಡ್ ಕೂರಾಂಟ್ 1943ರಲ್ಲೇ ತ್ರಿಕೋನ ತುಂಡುಗಳ ಉಪಾಯವನ್ನು ಬರೆದಿದ್ದರು, ಆದರೆ ಅದನ್ನು ದುಡಿಸಿಕೊಳ್ಳಬಲ್ಲ ಕಂಪ್ಯೂಟರ್ ಆಗ ಇರಲಿಲ್ಲ. 'ಫೈನೈಟ್ ಎಲಿಮೆಂಟ್' ಎಂಬ ಹೆಸರು 1960ರಲ್ಲಿ ರೇ ಕ್ಲಫ್ ಇಟ್ಟದ್ದು. 1960ರ ದಶಕದ ಕೊನೆಗೆ ಅಮೆರಿಕದ ನಾಸಾ ತನಗಾಗಿ ನ್ಯಾಸ್ಟ್ರಾನ್ ತಂತ್ರಾಂಶ ಮಾಡಿಸಿಕೊಂಡಿತು. ಅದರ ವಂಶದ ತಂತ್ರಾಂಶಗಳು ಇಂದಿಗೂ ಕಾರು, ವಿಮಾನ ಕಂಪನಿಗಳಲ್ಲಿ ದುಡಿಯುತ್ತಿವೆ. ನಮ್ಮಲ್ಲಿ ಇಸ್ರೋದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ರಾಕೆಟ್ ರಚನೆಗಳಿಗಾಗಿ ಫೀಸ್ಟ್ ಎಂಬ ಸ್ವಂತ ತಂತ್ರಾಂಶ ಬೆಳೆಸಿಕೊಂಡಿದೆ.

ನಮ್ಮದು ಎರಡು ಅಂತಸ್ತಿನ ಮನೆ. ಇದೆಲ್ಲ ಬೇಕಾ ಸರ್?

ವಿಮಾನಕ್ಕೆ ಮಾಡುವಷ್ಟು ವಿವರದ ಅನಾಲಿಸಿಸ್ ಬೇಡ. ಕಟ್ಟಡಗಳ ತಂತ್ರಾಂಶಗಳಾದ ಸ್ಟ್ಯಾಡ್ ಅಥವಾ ಇಟ್ಯಾಬ್ಸ್‌ನಲ್ಲಿ ಪಿಲ್ಲರ್, ಬೀಮ್‌ಗಳ ಚೌಕಟ್ಟನ್ನು ಹಾಕಿ ಐಎಸ್ 1893ರಂತೆ ಭೂಕಂಪದ ಲೋಡನ್ನೂ ಸೇರಿಸಿದರೆ ಸಾಕು. ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಅದನ್ನು ಮಾಡಿರುತ್ತಾರೆ. ನೀವು ಕೇಳಬೇಕಾದ್ದು ಬೇರೆ: ಮಣ್ಣು ಪರೀಕ್ಷೆ ಆಗಿದೆಯೇ, ಮುಂದೆ ಇನ್ನೊಂದು ಅಂತಸ್ತು ಹಾಕುವ ಆಸೆ ಲೆಕ್ಕದಲ್ಲಿ ಸೇರಿದೆಯೇ, ಟೆರೇಸಿನ ಮೇಲೆ ಈಗ ಇಡಬೇಕೆಂದಿರುವ ದೊಡ್ಡ ನೀರಿನ ಟ್ಯಾಂಕು ಎಲ್ಲಿ ಬರುತ್ತದೆಂದು ಅವರಿಗೆ ಗೊತ್ತೇ. ನೆಲಮಹಡಿಯಲ್ಲಿ ಅಂಗಡಿಗೆ ಜಾಗ ಮಾಡಲೆಂದು ಗೋಡೆ ಅಥವಾ ಪಿಲ್ಲರ್ ತೆಗೆಯುವ ಯೋಚನೆಯಿದ್ದರೆ ಮೊದಲು ಅವರನ್ನು ಕರೆಸಿ, ಮತ್ತೆ ಲೆಕ್ಕ ಮಾಡಿಸಿ.

## ಕಲಿಯಲು ಶುರುಮಾಡಿದವರಿಗೆ

ಮೆಶ್ ಎಷ್ಟು ಸಣ್ಣದಿರಬೇಕು? ಒಂದು ನಂಬರ್ ಹೇಳಿ

ಒಂದೇ ಅಂಕಿ ಹೇಳಲಾಗುವುದಿಲ್ಲ. ಆದರೆ ನೀವೇ ಕಂಡುಕೊಳ್ಳುವ ದಾರಿಯಿದೆ. ಅಗಲವಾದ ತಗಡಿನ ನಡುವೆ ಸಣ್ಣ ದುಂಡು ತೂತು ಕೊರೆದು ಎರಡೂ ತುದಿ ಹಿಡಿದು ಎಳೆದರೆ, ತೂತಿನ ಅಂಚಿನಲ್ಲಿ ಸ್ಟ್ರೆಸ್ ಉಳಿದೆಡೆಗಿಂತ ಮೂರು ಪಟ್ಟಾಗುತ್ತದೆ. 1898ರಲ್ಲಿ ಕಿರ್ಷ್ ಎಂಬ ಜರ್ಮನ್ ಎಂಜಿನಿಯರ್ ಕಾಗದದ ಮೇಲೆ ತೋರಿಸಿದ ಫಲಿತಾಂಶವಿದು. ಇದನ್ನೇ ನಿಮ್ಮ ತಂತ್ರಾಂಶದಲ್ಲಿ ಮಾಡಿ ನೋಡಿ. ಒರಟು ಮೆಶ್ ಹಾಕಿದರೆ ಮೂರು ಪಟ್ಟಿಗಿಂತ ಸಾಕಷ್ಟು ಕಡಿಮೆ ಬರುತ್ತದೆ. ತೂತಿನ ಸುತ್ತ ತುಂಡುಗಳನ್ನು ಅರ್ಧಕ್ಕಿಳಿಸಿದರೆ ಏರುತ್ತದೆ. ಮತ್ತೆ ಅರ್ಧಕ್ಕಿಳಿಸಿದರೆ ಇನ್ನಷ್ಟು ಹತ್ತಿರ. ಒಂದು ಹಂತದ ನಂತರ ಎಷ್ಟು ಸಣ್ಣದು ಮಾಡಿದರೂ ಉತ್ತರ ಅಲುಗುವುದಿಲ್ಲ. ಅಲುಗದೆ ನಿಂತ ಆ ಮೆಶ್ ಸಾಕು.

ನಿಜವಾದ ಕೆಲಸದಲ್ಲೂ ಹೀಗೆಯೇ: ಕನಿಷ್ಠ ಮೂರು ಮೆಶ್‌ಗಳಲ್ಲಿ ಓಡಿಸಿ, ನಿಮಗೆ ಬೇಕಾದ ಜಾಗದ ಉತ್ತರವನ್ನು ಪಕ್ಕಪಕ್ಕ ಬರೆದಿಟ್ಟುಕೊಳ್ಳಿ. ಎಲ್ಲ ಕಡೆಯೂ ಸಣ್ಣ ಮೆಶ್ ಬೇಡ. ಸ್ಟ್ರೆಸ್ ಬೇಗ ಬೇಗ ಬದಲಾಗುವ ಮೂಲೆ, ತೂತು, ಜೋಡಣೆಗಳಲ್ಲಿ ಮಾತ್ರ ಸಾಕು.

ಮೆಶ್ ಸಣ್ಣದು ಮಾಡಿದಷ್ಟೂ ಸ್ಟ್ರೆಸ್ ಏರ್ತಾನೇ ಇದೆ, ನಿಲ್ಲೋದೇ ಇಲ್ಲ. ಏನು ತಪ್ಪು?

ನಿಮ್ಮ ಮಾಡೆಲ್ಲಿನಲ್ಲಿ ಚೂಪಾದ ಒಳಮೂಲೆ ಇರಬೇಕು, ಅಥವಾ ಒಂದೇ ನೋಡ್ ಮೇಲೆ ಇಡೀ ಬಲ ಹಾಕಿರಬೇಕು. ಅಂಥ ಕಡೆ ಸಿದ್ಧಾಂತದ ಪ್ರಕಾರವೇ ಸ್ಟ್ರೆಸ್ ಅನಂತ. ಕಂಪ್ಯೂಟರ್ ಆ ಅನಂತದ ಕಡೆಗೆ ನಡೆಯುತ್ತಿದೆ, ಆದ್ದರಿಂದ ನಿಲ್ಲುವುದಿಲ್ಲ. ನಿಜವಾದ ಭಾಗದಲ್ಲಿ ಆ ಮೂಲೆಗೆ ಸ್ವಲ್ಪವಾದರೂ ದುಂಡು ಇರುತ್ತದೆ. ಆ ಜಾಗ ಮುಖ್ಯವಾದರೆ ಆ ದುಂಡನ್ನು ಮಾಡೆಲ್ಲಿನಲ್ಲೂ ಬರೆಯಿರಿ. ಮುಖ್ಯವಲ್ಲದಿದ್ದರೆ ಅಲ್ಲಿಂದ ಸ್ವಲ್ಪ ದೂರದ ಸ್ಟ್ರೆಸ್ ಓದಿ. ವೆಲ್ಡಿಂಗ್ ಅಂಚಾದರೆ, ಅಂಚಿನಿಂದ ನಿಗದಿತ ದೂರಗಳಲ್ಲಿ ಓದಿ ಅಂಚಿಗೆ ಗೆರೆ ಎಳೆಯುವ ಹಾಟ್-ಸ್ಪಾಟ್ ಪದ್ಧತಿಯಿದೆ. ಕೆಂಪು ಕಾಣಬಾರದೆಂದು ಮೆಶ್ ದೊಡ್ಡದು ಮಾಡಿ ಅಂಕಿ ಇಳಿಸುವುದನ್ನು ಮಾತ್ರ ಯಾವತ್ತೂ ಮಾಡಬೇಡಿ.

ತಪ್ಪು ಜಾಸ್ತಿ ಆಗೋದು ಎಲ್ಲಿ?

ಆಧಾರಗಳಲ್ಲಿ. ಇದರಲ್ಲಿ ನನಗೆ ಸಂಶಯವೇ ಇಲ್ಲ.

ಒಂದೇ ಬೀಮ್, ಒಂದೇ ಹರಡಿದ ಲೋಡ್ ತೆಗೆದುಕೊಳ್ಳಿ. ಎರಡೂ ತುದಿ ಸುಮ್ಮನೆ ಗೋಡೆಯ ಮೇಲೆ ಕೂತಿದ್ದರೆ ನಡುವಿನ ಬಾಗುವಿಕೆ ಐದು ಪಾಲು. ಎರಡೂ ತುದಿಯನ್ನು ಬಿಗಿಯಾಗಿ ಹಿಡಿದಿದ್ದರೆ ಒಂದೇ ಪಾಲು. ನಡುವಿನ ಬೆಂಡಿಂಗ್ ಮೊಮೆಂಟ್, ಅಂದರೆ ಬೀಮನ್ನು ಬಾಗಿಸುವ ತಿರುಗುಬಲ, ಮೊದಲನೆಯದರಲ್ಲಿ ಎರಡನೆಯದಕ್ಕಿಂತ ಮೂರು ಪಟ್ಟು. ನಿಜ ಜೋಡಣೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಆದರೆ ತಂತ್ರಾಂಶದಲ್ಲಿ 'ಫಿಕ್ಸೆಡ್' ಗುಂಡಿ ಒತ್ತುವುದು ಸುಲಭವಾದ್ದರಿಂದ ಹೊಸಬರೆಲ್ಲ ಅದನ್ನೇ ಒತ್ತುತ್ತಾರೆ. ಮೆಶ್‌ನಿಂದ ನೂರಕ್ಕೆ ಹತ್ತು ತಪ್ಪಬಹುದಾದಲ್ಲಿ ಆಧಾರದಿಂದ ಮೂರು ಪಟ್ಟು ತಪ್ಪಬಹುದು.

ಎರಡನೆಯದು ಅಳತೆಮಾನ. ಮಿಲಿಮೀಟರ್, ನ್ಯೂಟನ್ ಹಿಡಿದು ಮಾಡುವ ಮಾಡೆಲ್ಲಿನಲ್ಲಿ ದ್ರವ್ಯರಾಶಿ ಟನ್‌ನಲ್ಲಿರಬೇಕು. ಉಕ್ಕಿನ ಸಾಂದ್ರತೆಗೆ ಸುಮ್ಮನೆ 7850 ಎಂದು ಹಾಕಿದರೆ ಸ್ವಂತ ಭಾರ, ಕಂಪನ ಎಲ್ಲವೂ ಅಸಂಬದ್ಧ. ಮೂರನೆಯದು ಮರೆತ ಲೋಡ್: ಗಾಳಿ ಮೇಲಕ್ಕೆ ಎಳೆಯುವುದು, ಬಿಸಿಲಿಗೆ ಹಿಗ್ಗುವುದು, ಕಟ್ಟುವಾಗ ಕ್ರೇನಿನಲ್ಲಿ ಎತ್ತುವಾಗಿನ ಭಾರ.

ಉತ್ತರ ಸರಿ ಇದೆ ಅಂತ ಹೇಗೆ ನಂಬೋದು?

ಮೊದಲು ಆಧಾರಗಳ ಪ್ರತಿಬಲ ಕೂಡಿಸಿ. ಹಾಕಿದ ಒಟ್ಟು ಲೋಡಿಗೆ ಅದು ಸಮವಾಗದಿದ್ದರೆ ಮುಂದೆ ಏನನ್ನೂ ನೋಡಬೇಡಿ. ಆಮೇಲೆ ಬಾಗಿದ ಆಕಾರದ ಚಲನೆ ನೋಡಿ, ಇಡೀ ರಚನೆ ನೀವು ಅಂದುಕೊಂಡಂತೆ ಬಾಗುತ್ತಿದೆಯೇ ಎಂದು. ನಂತರ ಕೈ ಲೆಕ್ಕ. ಜಟಿಲವಾದ ಭಾಗವನ್ನು ಒಂದು ಬೀಮ್ ಎಂದೋ ಒಂದು ತಗಡು ಎಂದೋ ಸರಳಗೊಳಿಸಿ, ಕಾಗದದ ಮೇಲೆ ಅರ್ಧ ಪುಟದ ಲೆಕ್ಕ ಮಾಡಿ. ಶೇ 20 ವ್ಯತ್ಯಾಸ ಬಂದರೆ ಸಹಜ. ಎರಡು ಪಟ್ಟು ವ್ಯತ್ಯಾಸ ಬಂದರೆ ಯಾವುದು ತಪ್ಪೆಂದು ತಿಳಿಯುವ ತನಕ ವರದಿ ಕೊಡಬೇಡಿ.

ತಂತ್ರಾಂಶವನ್ನೂ ನಿಮ್ಮ ಬಳಕೆಯನ್ನೂ ಪರೀಕ್ಷಿಸಿಕೊಳ್ಳಲು ಉತ್ತರ ಗೊತ್ತಿರುವ ಮಾದರಿ ಲೆಕ್ಕಗಳಿವೆ. 1983ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ನಾಫೆಮ್ಸ್ ಸಂಸ್ಥೆಯ ಎಲ್ಇ1 ಎಂಬ ಅಂಡಾಕಾರದ ತಗಡಿನ ಲೆಕ್ಕ ಬಹಳ ಪ್ರಸಿದ್ಧ. ಒಂದು ನಿರ್ದಿಷ್ಟ ಬಿಂದುವಿನಲ್ಲಿ 92.7 ಮೆಗಾಪ್ಯಾಸ್ಕಲ್ ಬರಬೇಕು. ಹೊಸ ತಂತ್ರಾಂಶ ಕೈಗೆ ಬಂದಾಗ ಮೊದಲ ದಿನ ಮಾಡಬೇಕಾದ ಕೆಲಸ ಇದು.

ಬೀಮ್ ಬಾಗೋದೇ ಇಲ್ಲ, ಕೈ ಲೆಕ್ಕಕ್ಕಿಂತ ತುಂಬಾ ಕಡಿಮೆ ತೋರಿಸ್ತಿದೆ

ಸರಳ ಎಲಿಮೆಂಟ್‌ಗಳನ್ನು, ಅಂದರೆ ಮೂಲೆಯಲ್ಲಿ ಮಾತ್ರ ನೋಡ್ ಇರುವುದನ್ನು, ತೆಳುವಾದ ಭಾಗಕ್ಕೆ ಹಾಕಿರುತ್ತೀರಿ. ಅವುಗಳ ಅಂಚು ಬಾಗಲಾರದು. ಬಾಗಬೇಕಾದ ಜಾಗದಲ್ಲಿ ಅವು ಇಲ್ಲದ ಷಿಯರನ್ನು, ಅಂದರೆ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಬಲವನ್ನು, ಹುಟ್ಟಿಸಿಕೊಂಡು ಬಿಗಿಯುತ್ತವೆ. ಇದಕ್ಕೆ ಷಿಯರ್ ಲಾಕಿಂಗ್ ಎನ್ನುತ್ತಾರೆ. ಇದು ಏಕೆ ಆಗುತ್ತದೆ, ಹೇಗೆ ಬಿಡಿಸಬೇಕು ಎಂಬುದರ ಮೇಲೆ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್‌ನಲ್ಲಿ ಗಂಗನ್ ಪ್ರತಾಪ್ ಅವರು 1980ರ ದಶಕದಲ್ಲಿ ಮಾಡಿದ ಕೆಲಸ ಜಗತ್ತಿನ ಗಮನ ಸೆಳೆದಿತ್ತು. ಎಲಿಮೆಂಟಿನೊಳಗಿನ ಸ್ಟ್ರೇನ್‌ಗಳನ್ನು ಬರೆಯುವ ಸೂತ್ರಗಳು ಒಂದಕ್ಕೊಂದು ಹೊಂದಬೇಕು ಎಂಬ ಅವರ ಫೀಲ್ಡ್-ಕನ್ಸಿಸ್ಟೆನ್ಸಿ ವಿಚಾರವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇನ್ನೂ ಹೆಚ್ಚು ಕಲಿಸಬೇಕು ಎಂಬುದು ನನ್ನ ಆಸೆ. ನಿಮ್ಮ ಕೆಲಸಕ್ಕೆ ಸದ್ಯದ ಪರಿಹಾರ: ಅಂಚಿನ ನಡುವೆಯೂ ನೋಡ್ ಇರುವ ಎರಡನೇ ದರ್ಜೆಯ ಎಲಿಮೆಂಟ್ ಬಳಸಿ.

ದುಡ್ಡಿಲ್ಲದೆ ಕಲಿಯೋಕೆ ಯಾವ ಸಾಫ್ಟ್‌ವೇರ್?

ಫ್ರೀಕ್ಯಾಡ್ ಹಾಕಿಕೊಳ್ಳಿ, ಅದರಲ್ಲೇ ಕ್ಯಾಲ್ಕ್ಯುಲಿಕ್ಸ್ ಸಾಲ್ವರ್ (ಸಮೀಕರಣಗಳನ್ನು ಬಿಡಿಸುವ ತಂತ್ರಾಂಶ) ಬಳಸಬಹುದು. ಮುಂದೆ ಫ್ರಾನ್ಸಿನ ಕೋಡ್ ಆಸ್ಟರ್, ಭೂಕಂಪದ ಕೆಲಸಕ್ಕೆ ಬರ್ಕ್ಲಿಯ ಓಪನ್‌ಸೀಸ್. ಎನ್‌ಪಿಟಿಇಎಲ್‌ನಲ್ಲಿ ಐಐಟಿಗಳ ಉಚಿತ ವಿಡಿಯೊ ಪಾಠಗಳಿವೆ. ತಂತ್ರಾಂಶಕ್ಕಿಂತ ಮೊದಲು ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಗಟ್ಟಿಮಾಡಿಕೊಳ್ಳಿ.

## ಕುಸಿದವುಗಳ ಬಗ್ಗೆ

ನಾರ್ವೆಯಲ್ಲಿ ಕಂಪ್ಯೂಟರ್ ತಪ್ಪು ಲೆಕ್ಕದಿಂದ ಇಡೀ ತೈಲ ವೇದಿಕೆ ಮುಳುಗಿತು ಅಂತಾರಲ್ಲ, ನಿಜವಾ?

ಮುಳುಗಿದ್ದು ನಿಜ. ಆದರೆ ಕಂಪ್ಯೂಟರ್ ತನಗೆ ಕೊಟ್ಟ ಲೆಕ್ಕವನ್ನು ಸರಿಯಾಗಿಯೇ ಮಾಡಿತ್ತು. ಈ ವಿಷಯ ಕಲಿಯುವ ಪ್ರತಿಯೊಬ್ಬರೂ ಈ ಘಟನೆಯನ್ನು ಓದಲೇಬೇಕೆಂದು ನಂಬಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸ್ಲೈಪ್‌ನರ್ ಎ ಉತ್ತರ ಸಮುದ್ರದಲ್ಲಿ 82 ಮೀಟರ್ ಆಳದ ಜಾಗಕ್ಕೆ ಕಟ್ಟಿದ ವೇದಿಕೆ. ಅದರ ಬುಡ ಕಾಂಕ್ರೀಟಿನದು: ಒಂದಕ್ಕೊಂದು ಅಂಟಿಕೊಂಡ 24 ಕೊಳವೆಯಾಕಾರದ ಕೋಣೆಗಳು, ಅವುಗಳಲ್ಲಿ ನಾಲ್ಕು ಮೇಲಕ್ಕೆ ಬೆಳೆದು ಕಂಬಗಳಾಗಿ ಮೇಲಿನ 57,000 ಟನ್ನಿನ ಡೆಕ್ಕನ್ನು ಹೊರಬೇಕಿತ್ತು. ದುಂಡು ಕೋಣೆಗಳು ಮೂರು ಮೂರು ಸೇರುವಲ್ಲಿ ನಡುವೆ ತ್ರಿಕೋನದ ಸಂದು ಉಳಿಯುತ್ತದೆ. ಆ ಸಂದುಗಳ ಬಾಯಿ ಮೇಲೆ ತೆರೆದಿದ್ದರಿಂದ ಸಮುದ್ರದ ನೀರು ಅವುಗಳೊಳಗೆ ತುಂಬಿ ಗೋಡೆಗಳನ್ನು ತಳ್ಳುತ್ತಿತ್ತು. 65 ಮೀಟರ್ ಆಳದಲ್ಲಿ ನೀರು ಒಂದು ಚದರ ಮೀಟರ್ ಗೋಡೆಯನ್ನು ಸುಮಾರು 65 ಟನ್ ಬಲದಿಂದ ಒತ್ತುತ್ತದೆ.

1991ರ ಆಗಸ್ಟ್ 23ರಂದು ಸ್ಟವಾಂಗರ್ ಬಳಿಯ ಗಾಂಡ್ಸ್‌ಫ್ಯೋರ್ಡಿನಲ್ಲಿ, ಡೆಕ್ ಕೂರಿಸುವ ಸಿದ್ಧತೆಗಾಗಿ ಈ ಬುಡವನ್ನು ನಿಧಾನವಾಗಿ ನೀರಿಗಿಳಿಸುತ್ತಿದ್ದಾಗ ಒಂದು ತ್ರಿಕೋನ ಸಂದಿನ ಗೋಡೆ ಸೀಳಿತು. ಒಳನುಗ್ಗಿದ ನೀರನ್ನು ಪಂಪುಗಳು ಹೊರಹಾಕಲಾಗಲಿಲ್ಲ. ಇಡೀ ರಚನೆ 220 ಮೀಟರ್ ಆಳದ ತಳಕ್ಕೆ ಹೋಗಿ ಪುಡಿಯಾಯಿತು. ಆ ಹೊಡೆತ ಭೂಕಂಪಮಾಪಕಗಳಲ್ಲಿ 3.0 ಪ್ರಮಾಣದ ಕಂಪನವಾಗಿ ದಾಖಲಾಯಿತು. ಮೇಲಿದ್ದವರೆಲ್ಲ ಪಾರಾದರು. ನಷ್ಟ ಸುಮಾರು 70 ಕೋಟಿ ಡಾಲರ್.

ತನಿಖೆಯಲ್ಲಿ ಹೊರಬಿದ್ದದ್ದು ಹೀಗೆ. ನ್ಯಾಸ್ಟ್ರಾನ್‌ನಲ್ಲಿ ಮಾಡಿದ ಮಾಡೆಲ್ಲಿನಲ್ಲಿ ಆ ಗೋಡೆಗಳಿಗೆ ಹಾಕಿದ ಎಲಿಮೆಂಟ್‌ಗಳು ತೀರ ಒರಟು, ಕೆಲವು ಓರೆಯಾಗಿ ತಿರುಚಿದಂಥವು. ಅವು ಗೋಡೆಯ ತುದಿಯ ಷಿಯರನ್ನು ಶೇ 47ರಷ್ಟು ಕಡಿಮೆ ತೋರಿಸಿದವು. ಆ ಅಂಕಿ ನಂಬಿ ಗೋಡೆಯ ದಪ್ಪವನ್ನೂ ಕಬ್ಬಿಣವನ್ನೂ ನಿರ್ಧರಿಸಲಾಯಿತು. ಗೋಡೆಗಳು ಸೇರುವ ಮೂಲೆಯಲ್ಲಿ ಹಾಕಿದ, ತಲೆಯಿರುವ ಸರಳುಗಳೂ ಸಾಕಷ್ಟು ಉದ್ದವಿರಲಿಲ್ಲ. ಒಂದು ತಪ್ಪನ್ನು ಇನ್ನೊಂದು ಮುಚ್ಚಿಕೊಳ್ಳಬಹುದಿತ್ತು, ಆದರೆ ಎರಡೂ ಒಂದೇ ಜಾಗದಲ್ಲಿ ಕೂಡಿದವು. ಮುಳುಗಿದ ಮೇಲೆ ಅದೇ ಗೋಡೆಯನ್ನು ಸರಿಯಾದ ಮೆಶ್‌ನಲ್ಲಿ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಸೋಲುತ್ತದೆ ಎಂಬ ಉತ್ತರ ಬಂತು. ನಿಜದಲ್ಲಿ ಸೋತದ್ದು 65 ಮೀಟರಿನಲ್ಲಿ. ಅದೇ ವಿಧಾನ ಸರಿಯಾಗಿ ಬಳಸಿದ್ದರೆ ಮೂರು ಮೀಟರ್ ವ್ಯತ್ಯಾಸದಲ್ಲಿ ಕುಸಿತವನ್ನು ಮೊದಲೇ ಹೇಳುತ್ತಿತ್ತು.

ಆ ಗೋಡೆಯ ಒಂದು ಪಟ್ಟಿಯನ್ನು ಬೀಮ್ ಎಂದುಕೊಂಡರೆ ತುದಿಯ ಷಿಯರ್ ಎಂದರೆ ನೀರಿನ ಒತ್ತಡವನ್ನು ಅರ್ಧ ಉದ್ದದಿಂದ ಗುಣಿಸಿದ್ದು, ಅಷ್ಟೆ. ಡಿಪ್ಲೊಮಾ ಎರಡನೇ ವರ್ಷದ ಲೆಕ್ಕ. ಅದನ್ನು ಪಕ್ಕದಲ್ಲಿಟ್ಟಿದ್ದರೆ ಸುಮಾರು ಅರ್ಧದಷ್ಟು ವ್ಯತ್ಯಾಸ ಎದ್ದು ಕಾಣುತ್ತಿತ್ತು. ಬದಲಿ ವೇದಿಕೆಯನ್ನು ಬೇಗ ಕಟ್ಟಬೇಕಿದ್ದ ಗುತ್ತಿಗೆದಾರರು ಹೊಸ ಕಂಪ್ಯೂಟರ್ ಫಲಿತಾಂಶಗಳಿಗೆ ಕಾಯದೆ, ಸ್ಲೈಡ್‌ರೂಲ್ ಕಾಲದ ಕೈ ಲೆಕ್ಕಗಳಿಂದಲೇ ವಿನ್ಯಾಸ ಶುರುಮಾಡಿದರು. ಎರಡನೇ ಸ್ಲೈಪ್‌ನರ್ ಎ 1993ರಲ್ಲಿ ಕೆಲಸಕ್ಕೆ ಇಳಿಯಿತು.

ಸ್ಟ್ರೆಸ್ ಕಡಿಮೆ ಇದ್ರೂ ಕಂಬ ಪಕ್ಕಕ್ಕೆ ಬಾಗಿ ಬೀಳುತ್ತಲ್ಲ, ಅದು ಯಾಕೆ ಕಾಣಲ್ಲ?

ಅದು ಬಕ್ಲಿಂಗ್. ತೆಳ್ಳನೆಯ ಸ್ಟೀಲ್ ಸ್ಕೇಲನ್ನು ಎರಡು ಅಂಗೈ ನಡುವೆ ಅದುಮಿದರೆ ಅದು ಪುಡಿಯಾಗುವುದಿಲ್ಲ, ಒಮ್ಮೆಗೇ ಬಿಲ್ಲಾಗುತ್ತದೆ. ಉಕ್ಕಿನ ಬಲಕ್ಕೂ ಇದಕ್ಕೂ ಸಂಬಂಧವಿಲ್ಲ. ಉದ್ದ, ಅಡ್ಡಕೊಯ್ತದ ಆಕಾರ, ತುದಿಗಳನ್ನು ಹಿಡಿದ ಬಗೆ ಅದನ್ನು ನಿರ್ಧರಿಸುತ್ತವೆ. ಉದ್ದ ಅರ್ಧವಾದರೆ ತಾಳುವ ಭಾರ ನಾಲ್ಕು ಪಟ್ಟು. ಭಾರ ಇಮ್ಮಡಿಯಾದರೆ ಬಾಗುವಿಕೆಯೂ ಇಮ್ಮಡಿ ಎಂದು ಹಿಡಿಯುವ ಸಾಮಾನ್ಯ ಲೀನಿಯರ್ ಅನಾಲಿಸಿಸ್ ಇದನ್ನು ತೋರಿಸುವುದಿಲ್ಲ. ಬಕ್ಲಿಂಗ್ ಲೆಕ್ಕ ಬೇರೆಯೇ ಓಡಿಸಬೇಕು.

ಅಮೆರಿಕದ ಹಾರ್ಟ್‌ಫರ್ಡ್ ಒಳಾಂಗಣ ಕ್ರೀಡಾಂಗಣದ ಚಾವಣಿ 1978ರ ಜನವರಿ 18ರ ಬೆಳಗಿನ ಜಾವ ಹಿಮದ ಭಾರಕ್ಕೆ ಕುಸಿಯಿತು. ಕೆಲವೇ ಗಂಟೆ ಮೊದಲು ಅಲ್ಲಿ ಸುಮಾರು 5,000 ಜನ ಬ್ಯಾಸ್ಕೆಟ್‌ಬಾಲ್ ಪಂದ್ಯ ನೋಡಿ ಹೋಗಿದ್ದರು. ಚಾವಣಿಯ ಮೇಲಿನ ಸಾಲಿನ ಕಂಬಿಗಳನ್ನು ನಡುವೆ ಪಕ್ಕದಿಂದ ಹಿಡಿಯಲಾಗಿದೆ ಎಂದು ಕಂಪ್ಯೂಟರ್ ಮಾಡೆಲ್ ಭಾವಿಸಿತ್ತು. ಕಟ್ಟಿದ ಜೋಡಣೆ ಅವನ್ನು ಹಾಗೆ ಹಿಡಿದಿರಲಿಲ್ಲ. ಕಂಬಿಗಳ ಪರಿಣಾಮಕಾರಿ ಉದ್ದ ಹೆಚ್ಚಾಯಿತು, ತಾಳುವ ಶಕ್ತಿ ಪಾತಾಳಕ್ಕಿಳಿಯಿತು. ಹೆಚ್ಚು ಬೇಸರದ ಸಂಗತಿ: ಕಟ್ಟುವಾಗಲೇ ಚಾವಣಿ ಲೆಕ್ಕಕ್ಕಿಂತ ಎರಡು ಪಟ್ಟು ಬಾಗಿದ್ದು ಅಳತೆಯಲ್ಲಿ ಸಿಕ್ಕಿತ್ತು. ಸಿದ್ಧಾಂತಕ್ಕೂ ವಾಸ್ತವಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ ಎಂದು ಅದನ್ನು ತಳ್ಳಿಹಾಕಿದರು.

ಮಿತಿಯೊಳಗೇ ಇದ್ದ ಭಾಗ ಕೆಲವು ವರ್ಷ ಆದ್ಮೇಲೆ ಬಿರುಕು ಬಿಟ್ಟಿತು. ಲೆಕ್ಕ ತಪ್ಪಾಗಿತ್ತಾ?

ಬಹುಶಃ ಬೇರೆ ಲೆಕ್ಕ ಮಾಡಬೇಕಿತ್ತು. ಒಮ್ಮೆ ಹಾಕಿದ ಭಾರ ತಾಳುವ ಲೋಹ ಅದೇ ಭಾರ ಲಕ್ಷಗಟ್ಟಲೆ ಸಲ ಬಂದುಹೋದರೆ ಬಿರುಕುಬಿಡಬಹುದು. ಇದು ಫೆಟೀಗ್. ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನಗಳು 1954ರ ಜನವರಿ ಮತ್ತು ಏಪ್ರಿಲಿನಲ್ಲಿ ಮೆಡಿಟರೇನಿಯನ್ ಮೇಲೆ ಆಕಾಶದಲ್ಲೇ ಒಡೆದದ್ದು ಹೀಗೆ. ಒಂದು 1,290, ಇನ್ನೊಂದು 900 ಹಾರಾಟ ಮಾಡಿತ್ತು. ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಮೂರನೆಯ ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡ ಏರಿಸಿ ಇಳಿಸಿ ನೋಡಿದಾಗ, ಅದರ ಹಿಂದಿನ ಹಾರಾಟಗಳೂ ಸೇರಿ 3,057ನೇ ಸುತ್ತಿಗೆ ತೆರೆಪಿನ ಮೂಲೆಯಿಂದ ಒಡೆಯಿತು. ವಿನ್ಯಾಸದ ಕಾಲದ ಪರೀಕ್ಷೆಯಲ್ಲಿ ಇದೇ ರಚನೆಯ ಭಾಗ ಸುಮಾರು 16,000 ಸುತ್ತು ತಾಳಿತ್ತು. ಅದಕ್ಕೆ ಕಾರಣ, ಆ ಭಾಗವನ್ನು ಅದಕ್ಕೂ ಮೊದಲು ಇಮ್ಮಡಿ ಒತ್ತಡದಲ್ಲಿ ಪರೀಕ್ಷಿಸಿದ್ದರಿಂದ ಮೂಲೆಗಳು ಯೀಲ್ಡ್ ಆಗಿ ಬಿರುಕಿಗೆ ಬಲವಾಗಿದ್ದವು. ಪ್ರಯಾಣಿಕರ ವಿಮಾನಗಳಿಗೆ ಆ ಅನುಕೂಲ ಇರಲಿಲ್ಲ.

ವೆಲ್ಡಿಂಗ್ ಇರುವಲ್ಲಿ ಇನ್ನೂ ಎಚ್ಚರ ಬೇಕು. ಸ್ಟ್ರೆಸ್ ಏರಿಳಿತ ಎರಡು ಪಟ್ಟಾದರೆ ವೆಲ್ಡಿನ ಆಯುಷ್ಯ ಸುಮಾರು ಎಂಟನೇ ಒಂದಕ್ಕಿಳಿಯುತ್ತದೆ. ಅಲೆಕ್ಸಾಂಡರ್ ಕೀಲ್ಯಾಂಡ್ ವೇದಿಕೆ 1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಮಗುಚಿ 123 ಜನ ಸತ್ತರು. ಬಿರುಕು ಶುರುವಾಗಿದ್ದು ಹೈಡ್ರೋಫೋನ್ ಎಂಬ, ನೀರಿನೊಳಗಿನ ಸದ್ದು ಹಿಡಿಯುವ ಉಪಕರಣ ಕೂರಿಸಲು ಹಾಕಿದ್ದ 6 ಮಿಲಿಮೀಟರಿನ ವೆಲ್ಡಿನಲ್ಲಿ. ಅಂಥ ಸಣ್ಣ ಬ್ರ್ಯಾಕೆಟ್ಟನ್ನು ಮುಖ್ಯ ಮಾಡೆಲ್ಲಿನಲ್ಲಿ ಯಾರೂ ಬರೆಯುವುದಿಲ್ಲ. ಹಾಗಾಗಿ ಮುಖ್ಯ ಕಂಬಿಗೆ ಏನನ್ನಾದರೂ ಆಮೇಲೆ ವೆಲ್ಡ್ ಮಾಡಿಸಿದರೆ ಅದನ್ನು ಲೆಕ್ಕ ಹಾಕಿದವರಿಗೆ ತಿಳಿಸಿ.

ಮಿನಿಯಾಪೊಲಿಸ್ ಸೇತುವೆಯನ್ನು ಹಲವು ಸಲ ಲೆಕ್ಕ ಹಾಕಿದ್ರಂತಲ್ಲ, ಆದರೂ ಹೇಗೆ ಬಿತ್ತು?

2007ರ ಆಗಸ್ಟ್ 1ರಂದು ಅಮೆರಿಕದಲ್ಲಿ ಬಿದ್ದು 13 ಜನ ಸತ್ತ ಆ ಸೇತುವೆಯಲ್ಲಿ ಸೋತದ್ದು ಕಂಬಿಗಳಲ್ಲ, ಅವನ್ನು ಜೋಡಿಸುವ ಗಸೆಟ್ ತಗಡುಗಳು. ಒಂದು ಇಂಚು ದಪ್ಪ ಇರಬೇಕಾದವು ಅರ್ಧ ಇಂಚು ಇದ್ದವು. ವರ್ಷಗಳುದ್ದಕ್ಕೂ ಮಾಡಿದ ಭಾರದ ಲೆಕ್ಕಗಳಲ್ಲಿ ಗಸೆಟ್‌ಗಳು ಸೇರಿರಲಿಲ್ಲ, ಏಕೆಂದರೆ ಟ್ರಸ್ (ಕಂಬಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಮಾಡೆಲ್ಲಿನಲ್ಲಿ ಜೋಡಣೆ ಎಂದರೆ ಬರೀ ಒಂದು ಬಿಂದು, ಅದಕ್ಕೆ ದಪ್ಪವೇ ಇಲ್ಲ. ಬಿದ್ದ ಮೇಲೆ ತನಿಖೆಗಾರರು ಆ ತಗಡುಗಳನ್ನೇ ವಿವರವಾಗಿ ಮಾಡೆಲ್ ಮಾಡಿ ಕಾರಣ ತೋರಿಸಿದರು. ನಿಮ್ಮ ಮಾಡೆಲ್ಲಿನಲ್ಲಿ ಏನೇನು ಇಲ್ಲ ಎಂಬ ಪಟ್ಟಿಯನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ತುಂಗಭದ್ರಾ ಡ್ಯಾಮಿನ ಗೇಟು ಕೊಚ್ಚಿಹೋಗೋದನ್ನ ಸಿಮ್ಯುಲೇಷನ್ ಮೊದಲೇ ಹೇಳಬಹುದಿತ್ತಾ?

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಹೋಯಿತು. ಅಲ್ಲಿನ ರೈತರ ಆತಂಕ ನೆನೆದು ಹಲವರು ಇದನ್ನು ಕೇಳಿದ್ದಾರೆ. ಸಿಮ್ಯುಲೇಷನ್ ಒಂದರಿಂದಲೇ ಇದು ಆಗದು. ಹೊಸ ಸರಪಳಿಯ ನಕ್ಷೆ ಹಿಡಿದು ಲೆಕ್ಕ ಹಾಕಿದರೆ ಅದು ಗಟ್ಟಿ ಎಂದೇ ಉತ್ತರ ಬರುತ್ತದೆ. ಸುಮಾರು 70 ವರ್ಷ ಹಳೆಯ ರಚನೆಗೆ ಬೇಕಾದ್ದು ಇಂದಿನ ಅಳತೆ: ಪ್ರತಿ ಕೊಂಡಿಯಲ್ಲಿ ತುಕ್ಕು ತಿಂದು ಉಳಿದ ದಪ್ಪ ಎಷ್ಟು, ಬಿರುಕು ಇದೆಯೇ, ಗೇಟು ಎತ್ತುವಾಗ ಪಕ್ಕದ ಹಳಿಯಲ್ಲಿ ಎಷ್ಟು ತಿಕ್ಕಾಟ. ಕೊಂಡಿಯ ವ್ಯಾಸ ಶೇ 30 ಕರಗಿದರೆ ವಿಸ್ತೀರ್ಣ ಸುಮಾರು ಅರ್ಧವಾಗುತ್ತದೆ, ಸ್ಟ್ರೆಸ್ ಇಮ್ಮಡಿ. ಅಲ್ಟ್ರಾಸಾನಿಕ್ ಉಪಕರಣದಿಂದ ದಪ್ಪ ಅಳೆದು ಮಾಡೆಲ್ಲಿಗೆ ಹಾಕಿದರೆ ಯಾವ ಗೇಟು ಮೊದಲು ದುರಸ್ತಿ ಆಗಬೇಕು ಎಂಬ ಸರದಿಯನ್ನು ಅದು ಚೆನ್ನಾಗಿ ಹೇಳಬಲ್ಲದು. ಹಳೆಯ ಅಣೆಕಟ್ಟುಗಳಿಗೆ ಇದು ಪ್ರತಿ ಮಳೆಗಾಲಕ್ಕೆ ಮೊದಲು ಆಗಬೇಕಾದ ಕೆಲಸ.

## ಮುಂದುವರಿದವರಿಗೆ

ನಾನ್-ಲೀನಿಯರ್ ಯಾವಾಗ ಬೇಕು?

ಭಾರಕ್ಕೂ ಬಾಗುವಿಕೆಗೂ ಒಂದೇ ಅನುಪಾತ ಉಳಿಯದಿದ್ದಾಗ. ಅಂಥವು ಮೂರು ಸಂದರ್ಭ. ವಸ್ತು ಯೀಲ್ಡ್ ಆದಾಗ ಅಥವಾ ಕಾಂಕ್ರೀಟು ಬಿರುಕುಬಿಟ್ಟಾಗ. ಕೇಬಲ್, ತೆಳು ತಗಡಿನಂತೆ ಆಕಾರವೇ ಬದಲಾದಾಗ. ಎರಡು ಭಾಗ ತಾಗಿ ಬಿಟ್ಟು ಮಾಡುವಾಗ. ಲೋಡನ್ನು ಹಂತಹಂತವಾಗಿ ಏರಿಸಿ. ಒಂದು ಹಂತದಲ್ಲಿ ಸಾಲ್ವರ್ ನಿಂತರೆ ರಚನೆ ಕುಸಿಯಿತೆಂದು ಬರೆದುಬಿಡಬೇಡಿ. ಗಣಿತ ಸಿಕ್ಕಿಕೊಂಡಿರಬಹುದು. ಲೋಡಿನ ಬದಲು ನೋಡ್ ಸರಿಯುವ ದೂರವನ್ನು ನಿಯಂತ್ರಿಸಿ ಓಡಿಸಿದರೆ ಗರಿಷ್ಠ ಭಾರ ದಾಟಿದ ಮೇಲಿನ ಇಳಿಜಾರೂ ಕಾಣುತ್ತದೆ. ಆಗ ಕುಸಿತ ನಿಜವೋ ಎಂದು ತಿಳಿಯುತ್ತದೆ.

ಬಿರುಕು ಎಷ್ಟು ದಿನದಲ್ಲಿ ಎಲ್ಲಿಗೆ ಹೋಗುತ್ತೆ ಅಂತ ಹೇಳಬಹುದಾ?

ದಿಕ್ಕನ್ನು ಚೆನ್ನಾಗಿ, ವೇಗವನ್ನು ಅಂದಾಜಾಗಿ. ಬಿರುಕಿನ ತುದಿಯಲ್ಲಿ ಸ್ಟ್ರೆಸ್ ಅನಂತವಾದ್ದರಿಂದ ಸ್ಟ್ರೆಸ್ ಮಿತಿಯ ಲೆಕ್ಕ ಅಲ್ಲಿ ನಡೆಯುವುದಿಲ್ಲ. 1921ರಲ್ಲಿ ಗಾಜಿನ ಮೇಲೆ ಕೆಲಸ ಮಾಡಿದ ಗ್ರಿಫಿತ್, ಬಿರುಕು ಬೆಳೆಯಲು ಬೇಕಾದ ಶಕ್ತಿಯ ಲೆಕ್ಕ ಹಿಡಿದರು. ಬಿರುಕು ನಾಲ್ಕು ಪಟ್ಟು ಉದ್ದವಾದರೆ ತಾಳುವ ಸ್ಟ್ರೆಸ್ ಅರ್ಧವಾಗುತ್ತದೆ ಎಂಬುದು ಅಲ್ಲಿಂದ ಬಂದದ್ದು. ಮೊದಲೆಲ್ಲ ಬಿರುಕು ಬೆಳೆದಂತೆ ಮತ್ತೆ ಮತ್ತೆ ಮೆಶ್ ಹಾಕಬೇಕಿತ್ತು. 1999ರಲ್ಲಿ ಬಂದ ಎಕ್ಸ್‌ಎಫ್‌ಇಎಂ ಬಿರುಕನ್ನು ಎಲಿಮೆಂಟಿನ ಒಳಗಿಂದಲೇ ಹಾಯಿಸುತ್ತದೆ. ಕಾಂಕ್ರೀಟಿನಲ್ಲಿ ಮಾತ್ರ ಒಂದು ಜಾಗ್ರತೆ: ಬಿರುಕುಬಿಟ್ಟ ಮೇಲೆ ಬಲ ಇಳಿಯುವ ಗೆರೆಯನ್ನು ಸ್ಟ್ರೇನ್ ಲೆಕ್ಕದಲ್ಲಿ ಕೊಟ್ಟರೆ, ಮೆಶ್ ಸಣ್ಣದಾದಂತೆ ಒಡೆಯಲು ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ. ಆದ್ದರಿಂದ ಫ್ರ್ಯಾಕ್ಚರ್ ಎನರ್ಜಿಯನ್ನೇ, ಅಂದರೆ ಒಂದು ಚದರ ಅಳತೆಯ ಬಿರುಕು ತೆರೆಯಲು ಬೇಕಾದ ಶಕ್ತಿಯನ್ನೇ, ಕೊಡಿ.

ವೇಗದ ವಿಷಯದಲ್ಲಿ, ಒಂದೇ ಉಕ್ಕಿನ ಒಂದೇ ಅಳತೆಯ ತುಂಡುಗಳೂ ಫೆಟೀಗ್ ಪರೀಕ್ಷೆಯಲ್ಲಿ ಹಲವು ಪಟ್ಟು ವ್ಯತ್ಯಾಸದ ಆಯುಷ್ಯ ತೋರಿಸುತ್ತವೆ. ಹಾಗಾಗಿ ಲೆಕ್ಕ ಹೇಳುವ ಅವಧಿಯನ್ನು ಆಯುಷ್ಯವೆಂದು ಬಗೆಯದೆ, ಅದರ ಅರ್ಧಕ್ಕೋ ಮೂರನೇ ಒಂದಕ್ಕೋ ತಪಾಸಣೆ ಇಟ್ಟುಕೊಳ್ಳುವುದು ವಿವೇಕ.

ಇಷ್ಟೆಲ್ಲ ಸಿಮ್ಯುಲೇಷನ್ ಇದ್ಮೇಲೆ ನಿಜವಾಗಿ ಮುರಿದು ನೋಡೋದು ಯಾಕೆ?

ಲೆಕ್ಕವನ್ನು ನಂಬಲು ಅದೊಂದೇ ದಾರಿ. ಪ್ರಯಾಣಿಕರ ವಿಮಾನದ ರೆಕ್ಕೆ ಜೀವಮಾನದಲ್ಲಿ ಕಾಣಬಹುದಾದ ಅತಿ ಹೆಚ್ಚಿನ ಭಾರದ 1.5 ಪಟ್ಟನ್ನು ತಾಳಬೇಕೆಂಬ ನಿಯಮವಿದೆ. ಬೋಯಿಂಗ್ 777ರ ರೆಕ್ಕೆಗಳನ್ನು 1995ರ ಜನವರಿಯಲ್ಲಿ ಬೇಕೆಂದೇ ಮುರಿದಾಗ ಶೇ 154ರಲ್ಲಿ ಮುರಿದವು. ಏರ್‌ಬಸ್ ಎ380ರ ರೆಕ್ಕೆ 2006ರಲ್ಲಿ ಶೇ 150 ಮುಟ್ಟುವ ಸ್ವಲ್ಪ ಮೊದಲೇ ಸೋತಿತು, ಸ್ಥಳೀಯವಾಗಿ ಬಲಪಡಿಸಬೇಕಾಯಿತು. ಎರಡೂ ಉದಾಹರಣೆಗಳಲ್ಲಿ ಲೆಕ್ಕ ನಿಜಕ್ಕೆ ಬಹಳ ಹತ್ತಿರ ಇತ್ತು. ಆದರೆ 150ರ ಯಾವ ಬದಿಗೆ ಬೀಳುತ್ತದೆಂದು ಹೇಳಿದ್ದು ಪರೀಕ್ಷೆಯೇ.

ಎಐ ಒಂದು ಸೆಕೆಂಡಿನಲ್ಲಿ ಸ್ಟ್ರೆಸ್ ಹೇಳುತ್ತಂತೆ. ಇನ್ನು ಎಫ್‌ಇಎ ಕಲಿಯೋದು ಬೇಕಾ?

ಬೇಕು. ಆ ಮಾದರಿಗಳನ್ನು ಹೆಚ್ಚಾಗಿ ಕಲಿಸುವುದೇ ಸಾವಿರಾರು ಎಫ್‌ಇಎ ಫಲಿತಾಂಶ ತೋರಿಸಿ. ಒಂದೇ ಬ್ರ್ಯಾಕೆಟ್ಟಿನ ದಪ್ಪ, ತೂತಿನ ಅಳತೆ ಬದಲಿಸುತ್ತ ನೂರಾರು ವಿನ್ಯಾಸ ಹೋಲಿಸಬೇಕಾದಾಗ ಅವು ನಿಜಕ್ಕೂ ಉಪಯುಕ್ತ, ನಾನು ಅವನ್ನು ಸ್ವಾಗತಿಸುತ್ತೇನೆ. ಆದರೆ ಕಲಿತ ವ್ಯಾಪ್ತಿಯ ಹೊರಗಿನ ಆಕಾರ ಕೊಟ್ಟರೂ ಅವು ಅಷ್ಟೇ ಧೈರ್ಯದಿಂದ ಉತ್ತರ ಕೊಡುತ್ತವೆ. ಎಫ್‌ಇಎಯಲ್ಲಿ ಬಲಗಳು ಸರಿದೂಗಿಯೇ ಉತ್ತರ ಬರುತ್ತದೆ. ಬರೀ ಅಂಕಿಗಳಿಂದ ಕಲಿತ ಮಾದರಿಗೆ ಆ ಕಟ್ಟುಪಾಡಿಲ್ಲ. ಬಳಸುವಿರಾದರೆ ಮೂರು ಕೇಳಿ: ಇದನ್ನು ಯಾವ ಮೆಶ್‌ನ ಫಲಿತಾಂಶಗಳಿಂದ ಕಲಿಸಿದ್ದಾರೆ, ನನ್ನ ವಿನ್ಯಾಸದ ಅಳತೆಗಳು ಆ ವ್ಯಾಪ್ತಿಯಲ್ಲಿವೆಯೇ, ಒಟ್ಟು ಬಲ ಮತ್ತು ಪ್ರತಿಬಲ ತಾಳೆಯಾಗುತ್ತವೆಯೇ. ಕೊನೆಗೆ ಆಯ್ಕೆಯಾದ ವಿನ್ಯಾಸವನ್ನು ಪೂರ್ಣ ಎಫ್‌ಇಎಯಲ್ಲಿ ಒಮ್ಮೆ, ಕಾಗದದ ಮೇಲೆ ಒಮ್ಮೆ ಲೆಕ್ಕ ಹಾಕಿ. ಆಮೇಲೆ ಸಹಿ ಮಾಡಿ.